ಕಾರಂಜಾ ಹಿನ್ನೀರಿನಲ್ಲಿ ಬೋಟು, ಬಲೆ, ಗಾಳ: ಯಾರು ಯಾರಿಗೆ ದಾರಿ ಬಿಡಬೇಕು

ಹಿನ್ನೀರಿನಲ್ಲಿ ಖಾಲಿ ಬಾಟಲಿ ತೇಲುತ್ತಿದ್ದರೆ ಕಸ ಎಂದುಕೊಂಡು ಅದರ ಮೇಲೆ ಬೋಟು ಹಾಯಿಸಬೇಡಿ. ಒಂದು ಕ್ಷಣ ನೋಡಿ. ಗಾಳಿ ಬೀಸಿದ ಕಡೆ ಬಾಟಲಿಯೂ ಸಾಗಿದರೆ ಅದು ಕಸ. ಗಾಳಿ ಬೀಸಿದರೂ ನಿಂತಲ್ಲೇ ಅಲ್ಲಾಡುತ್ತಿದ್ದರೆ, ಕತ್ತು ನೀರಿಗೆ ಬಗ್ಗಿದ್ದರೆ, ಕೆಳಗೆ ಹಗ್ಗ ಇದೆ, ಹಗ್ಗಕ್ಕೆ ಬಲೆ ಇದೆ. ಬಲೆಯವರು ಸಂಜೆ ಬಿಟ್ಟು ಹೋಗಿ ಬೆಳಗಿನ ಜಾವ ಎತ್ತಲು ಬರುತ್ತಾರೆ. ನಡುವಿನ ಹೊತ್ತಿನಲ್ಲಿ ಅವರ ದುಡಿಮೆ ಕಾಯುವವರಿಲ್ಲದೆ ನೀರಲ್ಲೇ ಇರುತ್ತದೆ. ಹಿನ್ನೀರಿನ ಮರ್ಯಾದೆಯಲ್ಲಿ ಮುಕ್ಕಾಲು ಪಾಲು ಇದೇ: ಎದುರಿಗೆ ಮನುಷ್ಯ ಇಲ್ಲದಿದ್ದರೂ ಅವನ ಸಾಮಾನು ಅಲ್ಲಿದೆ ಎಂದು ತಿಳಿದು ನಡೆಯುವುದು.

ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ. ಕಲಬುರಗಿ ಕಡೆಯ ಬೆಣ್ಣೆತೊರಾ, ಚಂದ್ರಂಪಳ್ಳಿ, ಯಾದಗಿರಿ ಕಡೆಯ ಹತ್ತಿಕುಣಿ ಜಲಾಶಯಗಳಿಗೂ ಇದು ಹೊಂದುತ್ತದೆ.

ಬಲೆ ಗುರುತಿಸುವುದು, ದಾಟುವುದು

ಮೇಲ್ನೀರಿನಲ್ಲಿ ಬಿಟ್ಟ ಬಲೆಗೆ ಥರ್ಮಾಕೋಲ್ ತುಂಡುಗಳು ಸಾಲಾಗಿ ಕಾಣುತ್ತವೆ. ತಳದಲ್ಲಿ ಬಿಟ್ಟ ಬಲೆಗೆ ಎರಡು ತುದಿಯ ಡಬ್ಬಿಗಳಷ್ಟೇ ಕಾಣುತ್ತವೆ. ಒಂದು ಡಬ್ಬಿ ಕಂಡರೆ ಇನ್ನೊಂದನ್ನು ಹುಡುಕಿ, ಸಿಗುವ ತನಕ ಮುಂದೆ ಹೋಗಬೇಡಿ. ಎರಡರ ನಡುವೆ ಗೆರೆ ಎಳೆದಂತೆ ಬಲೆ ಇರುತ್ತದೆ. ದಡದ ತುದಿಯನ್ನು ಗೂಟಕ್ಕೋ ಜಾಲಿಗಿಡಕ್ಕೋ ಕಟ್ಟಿರುವುದೇ ಹೆಚ್ಚು, ಆದ್ದರಿಂದ ಸುತ್ತು ಹಾಕುವುದಾದರೆ ಆಳದ ಕಡೆಯ ಡಬ್ಬಿಯ ಹೊರಗಿನಿಂದ, ಹತ್ತಿಪ್ಪತ್ತು ಮೀಟರ್ ಬಿಟ್ಟು ಹೋಗಿ. ಡಬ್ಬಿಯ ಮಗ್ಗುಲಿಗೇ ಹೋದರೆ ಅದನ್ನು ಹಿಡಿದಿಟ್ಟ ಕಲ್ಲಿನ ಹಗ್ಗ ಎಂಜಿನ್ನಿನ ಫ್ಯಾನಿಗೆ, ಅಂದರೆ ನೀರು ತಳ್ಳಿ ಬೋಟು ಓಡಿಸುವ ರೆಕ್ಕೆಗೆ, ಸಿಗುತ್ತದೆ. ದಾಟಲೇಬೇಕಾದರೆ ಎಂಜಿನ್ ಆರಿಸಿ, ಮೇಲೆತ್ತಿ, ಹುಟ್ಟು ಹಾಕಿಕೊಂಡು ದಾಟಿ.

ಬಲೆ ಬಿಡುವವರದೂ ಒಂದು ಕೆಲಸ ಇದೆ. ಬಣ್ಣವಿಲ್ಲದ ನೀರಿನ ಬಾಟಲಿ ಬಿಸಿಲಿನ ಥಳಕಿನಲ್ಲಿ ಐವತ್ತು ಮೀಟರಿಗೂ ಕಾಣುವುದಿಲ್ಲ. ಐದು ಲೀಟರಿನ ಎಣ್ಣೆ ಡಬ್ಬಕ್ಕೆ ಕೆಂಪು ಬಣ್ಣ ಬಳಿದು, ಮೊಳದುದ್ದದ ಕೋಲಿಗೆ ಬಟ್ಟೆ ಕಟ್ಟಿ ನಿಲ್ಲಿಸಿ. ಜೆಟ್ಟಿಯಿಂದ ಆಳಕ್ಕೆ ಹೋಗುವ ನೇರ ದಾರಿಯನ್ನು ಬಿಟ್ಟು ಬಲೆ ಹಾಕಿ.

ಬಲೆ ಫ್ಯಾನಿಗೆ ಸುತ್ತಿಕೊಂಡರೆ

ಎಂಜಿನ್ ದನಿ ಇದ್ದಕ್ಕಿದ್ದಂತೆ ಭಾರವಾಗುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ಆಗ ಕೈ ರೇಸಿನ ಕಡೆ ಹೋಗಬಾರದು. ಬಿಡಿಸಿಕೊಳ್ಳಲೆಂದು ರೇಸ್ ಕೊಟ್ಟಷ್ಟೂ ನೈಲಾನ್ ದಾರ ಫ್ಯಾನಿನ ಹಿಂದೆ ಶಾಫ್ಟಿಗೆ ಬಿಗಿದು, ಗೇರಿನೊಳಗೆ ನೀರು ಹೋಗದಂತೆ ತಡೆಯುವ ಆಯಿಲ್ ಸೀಲನ್ನು ಕೊಯ್ಯುತ್ತದೆ.

ಮೊದಲು ಎಂಜಿನ್ ಆರಿಸಿ, ಕಿಲ್ ಸ್ವಿಚ್ಚಿನ (ಕಿತ್ತರೆ ಎಂಜಿನ್ ಆರುವ ಸ್ವಿಚ್ಚು) ದಾರ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ ಮೇಲೆತ್ತಿ. ಎಲ್ಲರೂ ಹಿಂದಕ್ಕೆ ಬಂದು ಬಗ್ಗಿದರೆ ಬೋಟಿನ ಹಿಂಭಾಗ ಮುಳುಗುತ್ತದೆ, ಒಬ್ಬರು ಸಾಕು, ಉಳಿದವರು ಮುಂದೆ ಕೂರಲಿ. ಸಣ್ಣ ಎಂಜಿನ್‌ಗಳಲ್ಲಿ ಮುಂದಕ್ಕೆ ಹೋಗುವಾಗ ಫ್ಯಾನು, ಹಿಂದಿನಿಂದ ನೋಡಿದರೆ, ಹೆಚ್ಚಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗುತ್ತದೆ. ಅದರ ತಿರುವುಮುರುವಾಗಿ ಕೈಯಿಂದ ನಿಧಾನಕ್ಕೆ ತಿರುಗಿಸಿದರೆ ಬಲೆ ಸುತ್ತು ಸುತ್ತಾಗಿ ಬಿಚ್ಚಿಕೊಳ್ಳುತ್ತದೆ. ಚಾಕು ಕೊನೆಗೆ. ಕೊಯ್ಯಲೇಬೇಕಾದರೆ ಸಿಕ್ಕಿಕೊಂಡ ಕಣ್ಣುಗಳನ್ನಷ್ಟೇ ಕೊಯ್ಯಿರಿ, ತೇಲುಗಳನ್ನು ಪೋಣಿಸಿದ ಮೇಲಿನ ಹಗ್ಗ ಮುಟ್ಟಬೇಡಿ. ಹಗ್ಗ ತುಂಡಾದರೆ ಎರಡು ತುದಿಗಳನ್ನು ಗಂಟು ಹಾಕಿಯೇ ನೀರಿಗೆ ಬಿಡಿ. ಹಾಗೇ ಬಿಟ್ಟ ಅರ್ಧ ಬಲೆ ತಳ ಸೇರಿ, ಎತ್ತುವವರಿಲ್ಲದೆ ಮೀನು ಕೊಲ್ಲುತ್ತಲೇ ಇರುತ್ತದೆ.

ದಡಕ್ಕೆ ಬಂದ ಮೇಲೆ ಫ್ಯಾನು ಬಿಚ್ಚಿ ಶಾಫ್ಟ್ ನೋಡಿ. ಕೂದಲಿನಷ್ಟು ತೆಳ್ಳಗಿನ ಗಾಳದ ದಾರವೂ ಅಲ್ಲಿ ಉಂಗುರದಂತೆ ಕೂತಿರುತ್ತದೆ. ಮರುದಿನ ಗೇರ್ ಆಯಿಲ್ಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಒಂದೆರಡು ಹನಿ ಬಿಡಿ. ಬೆಳ್ಳಗೆ ಮಜ್ಜಿಗೆಯ ಹಾಗೆ ಬಂದರೆ ಸೀಲ್ ಹೋಗಿದೆ, ನೀರು ಹೊಕ್ಕಿದೆ. ಸೀಲ್ ಬದಲಿಸದೆ ಮತ್ತೆ ಓಡಿಸಿದರೆ ಗೇರು ತುಕ್ಕು ಹಿಡಿಯುತ್ತದೆ.

ತೆಪ್ಪದ ಹತ್ತಿರ ಅಲೆ ಎಬ್ಬಿಸಬಾರದು

ತೆಪ್ಪ ದುಂಡಗಿರುತ್ತದೆ. ಅಲೆಯನ್ನು ಸೀಳುವ ಮೂತಿ ಅದಕ್ಕಿಲ್ಲ, ಬಂದ ಅಲೆ ಯಾವ ಕಡೆಯ ಅಂಚಿನಿಂದಲಾದರೂ ಒಳಗೆ ಬೀಳಬಹುದು. ಬಲೆ ಎಳೆಯುವವನು ಒಂದು ಕಡೆ ಬಗ್ಗಿ, ಮೀನಿನ ಭಾರವೂ ಅದೇ ಕಡೆ ಬಿದ್ದಾಗ, ಆ ಅಂಚಿಗೂ ನೀರಿಗೂ ಒಂದು ಗೇಣು ಉಳಿಯುವುದಿಲ್ಲ. ಎರಡೂ ಕೈಯಲ್ಲಿ ಬಲೆ ಇರುವುದರಿಂದ ಅವನು ಹುಟ್ಟು ಹಿಡಿದು ತೆಪ್ಪ ತಿರುಗಿಸಲಾರ. ನೀವೇ ನಿಧಾನವಾಗಬೇಕು.

ಇಲ್ಲಿ ಬಹಳ ಜನ ತಪ್ಪುವುದು ಒಂದೇ ಕಡೆ. ತೆಪ್ಪದ ಹತ್ತಿರ ಬಂದ ಮೇಲೆ ರೇಸು ಅರ್ಧಕ್ಕೆ ಇಳಿಸುತ್ತಾರೆ. ಪೂರ್ತಿ ವೇಗದಲ್ಲಿ ಬೋಟು ನೀರಿನ ಮೇಲೆ ಜಾರಿ ಓಡುತ್ತದೆ, ಅಲೆ ಸಣ್ಣದು. ಅರ್ಧಕ್ಕೆ ಇಳಿಸಿದಾಗ ಮೂತಿ ಎದ್ದು, ಹಿಂಭಾಗ ಕುಸಿದು, ನೀರನ್ನು ನೇಗಿಲಿನಂತೆ ಉಳುತ್ತದೆ. ಎಲ್ಲಕ್ಕಿಂತ ದೊಡ್ಡ ಅಲೆ ಏಳುವುದು ಆಗಲೇ. ಅದಕ್ಕೆ ನೂರು ಮೀಟರ್ ದೂರದಲ್ಲೇ ರೇಸು ಪೂರ್ತಿ ಇಳಿಸಿ, ಮೂತಿ ಮಟ್ಟಕ್ಕೆ ಬಂದು, ನಡೆಯುವ ಮನುಷ್ಯನ ವೇಗಕ್ಕೆ, ಅಂದರೆ ಗಂಟೆಗೆ ಐದಾರು ಕಿಲೋಮೀಟರಿಗೆ ಬನ್ನಿ. ತೆಪ್ಪಕ್ಕೂ ನಿಮಗೂ ಕನಿಷ್ಠ ಮೂವತ್ತು ಮೀಟರ್ ಇರಲಿ. ದಾಟಿದ ತಕ್ಷಣ ರೇಸು ಏರಿಸಬೇಡಿ, ಹಿಂದಿರುಗಿ ನೋಡಿ, ನಿಮ್ಮ ಅಲೆ ಅವರನ್ನು ಮುಟ್ಟಿ ಅಡಗಿದ ಮೇಲೆ ಏರಿಸಿ.

ಎರಡು ಎಂಜಿನ್ ಬೋಟುಗಳು ಎದುರುಬದುರಾದರೆ ಇಬ್ಬರೂ ಬಲಕ್ಕೆ ಸರಿಯಬೇಕು. ರಸ್ತೆಯ ಅಭ್ಯಾಸಕ್ಕೆ ಕೈ ಎಡಕ್ಕೆ ಎಳೆಯುತ್ತದೆ, ಎಚ್ಚರ. ಎಂಜಿನ್ನಿನ ಹಿಡಿಕೆಯನ್ನು ಎಡಕ್ಕೆ ತಳ್ಳಿದರೆ ಬೋಟು ಬಲಕ್ಕೆ ತಿರುಗುತ್ತದೆ. ಅಡ್ಡ ಬರುವಾಗ ಯಾರ ಬಲಗಡೆ ಇನ್ನೊಂದು ಬೋಟು ಕಾಣುತ್ತದೋ ಅವರು ದಾರಿ ಬಿಡಬೇಕು. ಹುಟ್ಟಿನ ದೋಣಿ, ತೆಪ್ಪ ಎದುರಾದರೆ ಈ ಲೆಕ್ಕವೇ ಬೇಡ, ಎಂಜಿನ್ ಇದ್ದವರೇ ಸರಿಯಬೇಕು.

ಗಾಳದವರು

ಕಟ್ಟೆ ಮೇಲೆ ಗಾಳ ಹಿಡಿದು ಕೂತವರ ದಾರ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಕೋಲಿನ ತುದಿ ಯಾವ ಕಡೆ ಬಾಗಿದೆ ನೋಡಿ, ದಾರ ಆ ಕಡೆಗಿದೆ. ದಡದಿಂದ ಐವತ್ತು ಮೀಟರ್ ಹೊರಗೆ ಹೋದರೆ ಬಹುತೇಕ ಯಾರ ದಾರಕ್ಕೂ ತಾಗದು. ಜೆಟ್ಟಿಯ ಹತ್ತಿರ ಮಾತ್ರ ಗಾಳದವರೇ ದಾರ ಸುತ್ತಿಕೊಳ್ಳಬೇಕು, ಬೋಟಿಗೆ ಬೇರೆ ದಾರಿ ಇರುವುದಿಲ್ಲ.

ಜಲಾಶಯದ ಮೀನಿನ ಹಕ್ಕು ಹೆಚ್ಚಾಗಿ ಗುತ್ತಿಗೆ ಪಡೆದ ಮೀನುಗಾರರ ಸಹಕಾರ ಸಂಘದ್ದಾಗಿರುತ್ತದೆ. ಕೂರುವ ಮೊದಲು ಸಂಘದವರನ್ನು ಕೇಳಿ. ಬೊಗಸೆಗಿಂತ ಚಿಕ್ಕ ಕಾಟ್ಲಾ, ರೋಹು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಹಿಡಿದು ನೀರಿಗೆ ಬಿಡಿ. ಒಣ ಕೈಗೆ ಮೀನಿನ ಮೈಯ ಲೋಳೆ ಅಂಟಿ ಹೋಗುತ್ತದೆ, ಲೋಳೆ ಹೋದ ಕಡೆ ಬೂಷ್ಟು ಹಿಡಿದು ಮೀನು ಸಾಯುತ್ತದೆ. ಮದ್ದು ಸಿಡಿಸುವುದು, ವಿಷ ಬೆರೆಸುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಕಂಡರೆ ಸಂಘಕ್ಕೆ ಹೇಳಿ.

ತುಂಡಾದ ದಾರವನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಂಡು ಹೋಗಿ. ದಡದಲ್ಲಿ ಬಿಟ್ಟದ್ದು ಕೊಕ್ಕರೆಯ ಕಾಲಿಗೆ, ನೀರು ಕುಡಿಯಲು ಬಂದ ಆಡಿನ ಗೊರಸಿಗೆ ಬಿಗಿಯುತ್ತದೆ. ಮೊಣಕಾಲಿಗಿಂತ ಆಳದ ನೀರಿಗೆ ಇಳಿಯಲೇಬೇಡಿ. ಇದು ಮೊದಲು ಹೊಲವಿದ್ದ ಜಾಗ, ಮುಳುಗಿದ ಬಾವಿ ಮೇಲಿನಿಂದ ಕಾಣುವುದಿಲ್ಲ.

ದಡದ ರೈತರು, ಜೆಟ್ಟಿಯವರು

ನಮ್ಮ ಕಡೆ ದಡದ ಯಜಮಾನ ಎಂದರೆ ಹೆಚ್ಚಾಗಿ ಪಂಪ್‌ಸೆಟ್ ಇಟ್ಟ ರೈತ. ಅವನ ಪೈಪು ಡ್ರಮ್ಮಿಗೋ ಟ್ಯೂಬಿಗೋ ಕಟ್ಟಿ ನೀರಿನೊಳಗೆ ಇಳಿದಿರುತ್ತದೆ, ತುದಿಯಲ್ಲಿ ನೀರು ಹಿಂದಕ್ಕೆ ಸೋರದಂತೆ ತಡೆಯುವ ಫುಟ್‌ವಾಲ್. ಬೋಟಿನ ಅಲೆಗೆ ನೀರು ಇಳಿದು ಫುಟ್‌ವಾಲ್ ಒಂದು ಕ್ಷಣ ಹೊರಬಂದರೂ ಪೈಪಿಗೆ ಗಾಳಿ ಹೊಗುತ್ತದೆ, ಮೋಟರ್ ತಿರುಗುತ್ತದೆ ಆದರೆ ನೀರು ಎತ್ತುವುದಿಲ್ಲ. ರೈತ ಹೊಲದ ಆ ತುದಿಯಲ್ಲಿ ನೀರು ಹಾಯಿಸುತ್ತಿದ್ದರೆ ಗೊತ್ತಾಗುವಷ್ಟರಲ್ಲಿ ಪಂಪಿನ ಸೀಲು ಸುಟ್ಟಿರುತ್ತದೆ. ಆದ್ದರಿಂದ ಪೈಪು ಕಂಡ ಕಡೆ ತೆಪ್ಪದ ಹತ್ತಿರದ ವೇಗವೇ. ಪೈಪಿಗೆ, ಅದರ ಗೂಟಕ್ಕೆ ಬೋಟು ಕಟ್ಟಬಾರದು. ಮೋಟರಿನ ವೈರು ನೀರಲ್ಲಿ ಬಿದ್ದಿದ್ದರೆ ಆ ದಡಕ್ಕೆ ಇಳಿಯಲೇಬಾರದು, ದೂರದಿಂದಲೇ ಕೂಗಿ ರೈತನಿಗೆ ತಿಳಿಸಿ. ನೀರು ಇಳಿದ ಮಣ್ಣಿನಲ್ಲಿ ಬೇಸಿಗೆಗೆ ಬಿತ್ತಿರುತ್ತಾರೆ, ಬೋಟು ಎಳೆದು ತರುವ ದಾರಿ ಬದುವಿನ ಮೇಲಿರಲಿ.

ಜೆಟ್ಟಿಗೆ ಗಾಳಿಗೆ ಎದುರಾಗಿ ಬನ್ನಿ, ಗಾಳಿಯೇ ಬ್ರೇಕು ಹಾಕುತ್ತದೆ. ಕಾಲು ಚಾಚಿ ಬೋಟು ತಡೆಯಬೇಡಿ, ಹಳೆ ಟೈರು ಇಳಿಬಿಡಿ. ಜನ ಇಳಿದ ಮೇಲೆ ಬೋಟನ್ನು ಪಕ್ಕಕ್ಕೆ ಒಯ್ಯಿರಿ. ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಮಟ್ಟ ಇಳಿಯುತ್ತದೆ, ಕಂಬಕ್ಕೆ ಬಿಗಿಯಾಗಿ ಕಟ್ಟಿದ ಬೋಟು ಬೆಳಗಾಗುವುದರೊಳಗೆ ಹಗ್ಗಕ್ಕೆ ಜೋತುಬಿದ್ದಿರುತ್ತದೆ. ಒಂದು ಮಾರು ಸಡಿಲ ಬಿಟ್ಟು ಕಟ್ಟಿ, ದಿನಾ ನೋಡಿ. ಪೆಟ್ರೋಲನ್ನು ದಡದ ಮೇಲೆ, ಆಲಿಕೆ ಇಟ್ಟೇ ತುಂಬಿಸಿ. ಕಾರಂಜಾದ ನೀರನ್ನು ಬೀದರ್ ನಗರ ಕುಡಿಯುತ್ತದೆ.

ಚಳಿಗಾಲದಲ್ಲಿ ಬಾತುಗಳ ಹಿಂಡು ಕೂತಿದ್ದರೆ ಅದರ ನಡುವೆ ನುಗ್ಗಿ ಎಬ್ಬಿಸಬೇಡಿ. ಸುರಪುರದ ಹತ್ತಿರದ ಬೋನಾಳ ಪಕ್ಷಿಧಾಮ, ಅಲ್ಲಿ ಈ ಮಾತು ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ.

ಮಾತು

ನೀರಿಗೆ ಇಳಿಯುವ ಮೊದಲು ದಡದಲ್ಲಿ ಇದ್ದವರನ್ನು ಕೇಳಿ: "ಶರಣ್ರೀ ಕಾಕಾ, ಇವತ್ತ ಬಲಿ ಯಾವ ಕಡಿ ಬಿಟ್ಟೀರಿ?" ಅವರು ಕೈ ತೋರಿಸುತ್ತಾರೆ, ಅರ್ಧ ದಿನದ ತೊಂದರೆ ಅಲ್ಲಿಗೇ ತಪ್ಪುತ್ತದೆ.

ಜಗಳ ಬಂದರೆ ಎಂಜಿನ್ ಆರಿಸಿದ ಮೇಲೆ ಬಾಯಿ ತೆರೆಯಿರಿ. ಎಂಜಿನ್ ದನಿಯ ಮೇಲೆ ಕೂಗಿದ "ತಪ್ಪಾಯ್ತ್ರೀ" ಎಂಬ ಮಾತೂ ಆ ಕಡೆಯವರಿಗೆ ಬೈಗುಳದಂತೆ ಕೇಳಿಸುತ್ತದೆ. ಬಲೆ ಹರಿದಿದ್ದರೆ ಅದನ್ನು ದಡದ ಮೇಲೆ ಹಾಸಿ ಇಬ್ಬರೂ ಕೂಡಿ ಮಾರು ಹಾಕಿ ಅಳೆಯಿರಿ. ಹರಿದಷ್ಟು ಬಲೆಯ ಬೆಲೆಯ ಜೊತೆಗೆ, ಅದನ್ನು ಹೆಣೆದು ಸರಿಮಾಡಲು ಹೋಗುವ ದಿನದ ಕೂಲಿಯನ್ನೂ ಸೇರಿಸಿ, ಅದೇ ದಿನ ಕೈಗೆ ಕೊಟ್ಟು ಬನ್ನಿ.