ಟಿಎಂಪಿ ಫೋಲ್ಡರ್ ಮೆಮೊರಿಯಲ್ಲಿದ್ದಾಗ ಅದಕ್ಕೆ ಮಿತಿ ಹಾಕುವ ಬಗೆ

2025ರಲ್ಲಿ ಬಿಡುಗಡೆಯಾದ ಡೆಬಿಯನ್ 13 ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ತಾತ್ಕಾಲಿಕ ಕಡತಗಳ ಟಿಎಂಪಿ (/tmp) ಫೋಲ್ಡರ್ ಡಿಸ್ಕಿನ ಬದಲು, ಟಿಎಂಪಿಎಫ್ಎಸ್ (ಮೆಮೊರಿಯಲ್ಲೇ ಕಡತಗಳನ್ನಿಡುವ ವ್ಯವಸ್ಥೆ) ಮೂಲಕ ಮೆಮೊರಿಯಲ್ಲಿಯೇ ಇರುತ್ತದೆ. ಅದು ರ‍್ಯಾಮಿನ ಅರ್ಧದಷ್ಟನ್ನು ಬಳಸಬಹುದಾದರೂ ಆ ಜಾಗವನ್ನು ಮೊದಲೇ ಹಿಡಿದಿಟ್ಟುಕೊಳ್ಳುವುದಿಲ್ಲ. ಕಡತ ಬರೆದಷ್ಟೇ ತುಂಬುತ್ತದೆ, ಮೆಮೊರಿ ಸಾಲದೆ ಬಂದರೆ ಡಿಸ್ಕಿನಲ್ಲಿ ಮೆಮೊರಿಯ ನೆರವಿಗಿರುವ ಜಾಗವಾದ ಸ್ವಾಪ್‌ಗೂ ಸರಿಯುತ್ತದೆ.

8 ಜಿಬಿ ರ‍್ಯಾಮಿನ ಕಂಪ್ಯೂಟರಿನಲ್ಲಿ ಅರ್ಧವೆಂಬುದು ನನ್ನ ಮಟ್ಟಿಗೆ ತೀರ ಹೆಚ್ಚು. ಎಫ್‌ಸ್ಟ್ಯಾಬ್ (/etc/fstab) ಎಂಬ, ಯಾವುದನ್ನು ಎಲ್ಲಿ ಜೋಡಿಸಬೇಕೆಂದು ವ್ಯವಸ್ಥೆಗೆ ತಿಳಿಸುವ ಕಡತದಲ್ಲಿ ಟಿಎಂಪಿಗೊಂದು ಸಾಲು ಸೇರಿಸಿ, ಸೈಜ್ ಆಯ್ಕೆಗೆ 2 ಜಿಬಿ ಕೊಟ್ಟು ರಿಮೌಂಟ್ ಮಾಡಿದರೆ (ಹೊಸ ಆಯ್ಕೆಯೊಂದಿಗೆ ಮತ್ತೆ ಜೋಡಿಸಿದರೆ), ಒಳಗಿನ ಕಡತಗಳು ಅಳಿಯದೆಯೇ ಮಿತಿ ಬದಲಾಗುತ್ತದೆ. ಈಗಾಗಲೇ ಅದಕ್ಕಿಂತ ಹೆಚ್ಚು ತುಂಬಿದ್ದರೆ ಮಾತ್ರ ವ್ಯವಸ್ಥೆ ಒಪ್ಪುವುದಿಲ್ಲ.

ವಿಡಿಯೊ ಸಂಕಲನದಂತಹ ದೊಡ್ಡ ಕೆಲಸಗಳಿಗಾಗಿ ಮಿತಿಯನ್ನು ಏರಿಸುತ್ತ ಹೋಗುವುದಕ್ಕಿಂತ, ಟಿಎಂಪಿಡಿಐಆರ್ (TMPDIR) ಎಂಬ ಪರಿಸರ ಚರಾಂಶದ (ತಾತ್ಕಾಲಿಕ ಕಡತಗಳನ್ನು ಎಲ್ಲಿಡಬೇಕೆಂದು ಪ್ರೋಗ್ರಾಮಿಗೆ ತಿಳಿಸುವ ಸೆಟ್ಟಿಂಗ್) ಮೂಲಕ ಆ ಪ್ರೋಗ್ರಾಮಿಗೆ ಡಿಸ್ಕಿನಲ್ಲಿರುವ ವಾರ್ ಟಿಎಂಪಿ (/var/tmp) ಫೋಲ್ಡರನ್ನು ತೋರಿಸುವುದು ಲೇಸು. ಅಲ್ಲಿನ ಕಡತಗಳು ರೀಬೂಟ್ ಆದ ಮೇಲೂ ಉಳಿಯುತ್ತವೆ.