ಅಂಗಳಕ್ಕೆ ಲಾನ್ ಹುಲ್ಲೋ, ಪಿಂಟೋ ಬಳ್ಳಿಯೋ: ಎಲ್ಲಿಗೆ ಯಾವುದು, ನೆಡುವುದು ಹೇಗೆ

ಜುಲೈನಲ್ಲಿ ಮಳೆ ಜೋರಾಗಿ ಹುಯ್ಯುವಾಗ ಒಂದು ದಿನ ಕೊಡೆ ಹಿಡಿದು ನಿಮ್ಮ ಅಂಗಳದಲ್ಲಿ ಹತ್ತು ನಿಮಿಷ ನಿಂತುಕೊಳ್ಳಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೆಂಪಗೆ ಹರಿದು ಹೋಗುತ್ತದೆ, ಅಷ್ಟು ನೋಡಿದರೆ ಸಾಕು. ಕೆಂಪಗೆ ಹರಿಯುತ್ತಿದೆ ಅಂದರೆ ನಿಮ್ಮ ಮೇಲ್ಮಣ್ಣು ಚರಂಡಿ ಸೇರುತ್ತಿದೆ. ಹುಲ್ಲು ಹಾಕಬೇಕೋ ಹೂವಿನ ಬಳ್ಳಿ ಹಾಕಬೇಕೋ ಅನ್ನುವುದು ಅಲ್ಲಿ ತೀರ್ಮಾನ ಆಗಬೇಕು, ನರ್ಸರಿಯಲ್ಲಿ ಅಲ್ಲ.

ನಾನು ಹೇಳುತ್ತಿರುವುದು ಎರಡು ಗಿಡಗಳ ಬಗ್ಗೆ. ಒಂದು, ಎಲ್ಲರೂ ಮೆಕ್ಸಿಕನ್ ಗ್ರಾಸ್ ಅಂತ ಕೊಳ್ಳುವ ಸಣ್ಣ ಎಲೆಯ ಲಾನ್ ಹುಲ್ಲು. ಇದು ಜೋಯ್ಸಿಯಾ ಜಾತಿಯದು. ಇನ್ನೊಂದು ಪಿಂಟೋ, ಅಂದರೆ ನೆಲಗಡಲೆಯ ಹತ್ತಿರದ ಸಂಬಂಧಿ, ನೆಲದ ಮೇಲೆ ಹಬ್ಬುತ್ತಾ ವರ್ಷದ ಬಹುಪಾಲು ಹಳದಿ ಹೂ ಬಿಡುವ ಬಳ್ಳಿ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರುತ್ತದೆ. 1954ರಲ್ಲಿ ಬ್ರೆಜಿಲ್‌ನಲ್ಲಿ ಇದನ್ನು ಮೊದಲು ಸಂಗ್ರಹಿಸಿದವರು ಜೆರಾಲ್ಡೊ ಪಿಂಟೋ, ಅವರ ಹೆಸರೇ ಗಿಡಕ್ಕೆ ಬಂತು.

ನಮ್ಮ ಮನೆ ಇರುವುದು ಮೂಡಿಗೆರೆ ಕಡೆ. ಮನೆ ಕಟ್ಟಿದ ವರ್ಷ ಅಂಗಳಕ್ಕೆಲ್ಲ ಹುಲ್ಲೇ ಹಾಸಿಸಿದೆವು. ಗೇಟಿನ ಹತ್ತಿರದ ಇಳಿಜಾರು, ಹಲಸಿನ ಮರದ ಬುಡ, ಏನೂ ಬಿಡಲಿಲ್ಲ. ಕೆಲಸ ಮಾಡಿದವರು ಎಲ್ಲ ಕಡೆಯೂ ಬರುತ್ತದೆ ಅಂದಿದ್ದರು. ಆರಿದ್ರಾ ಮಳೆ ಹಿಡಿದ ವಾರದಲ್ಲೇ ಇಳಿಜಾರಿನ ಹುಲ್ಲಿನ ತುಂಡುಗಳು ಬೇರು ಕಚ್ಚುವ ಮೊದಲೇ ಜಾರಿ ಗೇಟಿನ ಬುಡಕ್ಕೆ ಬಂದವು. ಹಲಸಿನ ಕೆಳಗಿನದು ಎರಡು ಮಳೆಗಾಲ ಹೇಗೋ ಉಸಿರು ಹಿಡಿದುಕೊಂಡಿತ್ತು, ಆಮೇಲೆ ಅಲ್ಲಿ ಪಾಚಿ ಮಾತ್ರ ಉಳಿಯಿತು. ಮನೆ ಮುಂದಿನ ಬಿಸಿಲಿನ ತುಂಡು ಮಾತ್ರ ಇವತ್ತಿಗೂ ಚೆನ್ನಾಗಿದೆ. ಈಗ ಇಳಿಜಾರಲ್ಲೂ ಮರದ ಕೆಳಗೂ ಪಿಂಟೋ ಇದೆ, ಮಳೆಗಾಲದಲ್ಲಿ ಗೇಟಿನ ಹತ್ತಿರ ಹರಿಯುವ ನೀರು ತಿಳಿಯಾಗಿದೆ.

ಹಾಗಾಗಿ ಮೊದಲು ಬಿಸಿಲು ಲೆಕ್ಕ ಹಾಕಿ. ಬೆಳಿಗ್ಗೆ ಎಂಟಕ್ಕೆ, ಹನ್ನೊಂದಕ್ಕೆ, ಎರಡಕ್ಕೆ, ನಾಲ್ಕಕ್ಕೆ ನೆರಳು ಎಲ್ಲಿ ಬೀಳುತ್ತದೆ ಅಂತ ಒಂದು ಹಾಳೆಯಲ್ಲಿ ಗೀಚಿಕೊಳ್ಳಿ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ ಹುಲ್ಲಿಗೆ. ಅದಕ್ಕಿಂತ ಕಮ್ಮಿ ಇದ್ದರೆ ಹುಲ್ಲು ಬೇಡ, ದುಡ್ಡು ದಂಡ. ಹಳೇಬೀಡಿಗೆ ಹೋಗಿ ಬಂದವರು ದೇವಸ್ಥಾನದ ಮುಂದಿನಂಥ ಹುಲ್ಲೇ ಬೇಕು ಅನ್ನುತ್ತಾರೆ, ಆಸೆ ತಪ್ಪಲ್ಲ, ಆದರೆ ಅಲ್ಲಿ ತಲೆ ಮೇಲೆ ಬರೀ ಆಕಾಶ. ನಮ್ಮ ಮನೆಗಳ ಮೇಲೆ ಸಿಲ್ವರ್ ಓಕ್, ಹಲಸು, ಪಕ್ಕದ ತೋಟದ ನೆರಳು, ಎಲ್ಲ ಇರುತ್ತೆ ಅಲ್ವಾ? ಪಿಂಟೋ ಅರೆನೆರಳಲ್ಲೂ ಚೆನ್ನಾಗಿ ಬರುತ್ತದೆ. ಹೂವು ಸ್ವಲ್ಪ ಕಮ್ಮಿ ಆಗುತ್ತದೆ, ಅಷ್ಟೇ.

ಆಮೇಲೆ ಕಾಲು. ಮಕ್ಕಳು ಚೆಂಡಾಡುವ ಜಾಗ, ಕುರ್ಚಿ ಹಾಕಿ ಕೂರುವ ಜಾಗ, ಎಲ್ಲ ಹುಲ್ಲಿಗೇ. ಪಿಂಟೋ ಅಪರೂಪಕ್ಕೊಮ್ಮೆ ತುಳಿದರೆ ಸಹಿಸುತ್ತದೆ, ದಿನಾ ಓಡಾಡಿದರೆ ಅಲ್ಲಿ ಬೋಳಾಗುತ್ತದೆ. ನಡೆಯುವ ದಾರಿ ಇದ್ದರೆ ನಡುವೆ ಚಪ್ಪಡಿ ಕಲ್ಲು ಇಟ್ಟುಬಿಡಿ.

ಮೂರನೆಯದು ನೀರು. ಫೆಬ್ರವರಿ, ಮಾರ್ಚ್ ನೆನಪಿಟ್ಟುಕೊಂಡು ಯೋಚಿಸಿ. ಬೇಸಿಗೆಯಲ್ಲಿ ಲಾನ್ ಹಸಿರಾಗಿರಬೇಕು ಅಂದರೆ ವಾರಕ್ಕೆ ಒಂದು ಇಂಚು ಮಳೆಯಷ್ಟು ನೀರು ಬೇಕು. 100 ಚದರ ಅಡಿಗೆ ಅದು ಸುಮಾರು 235 ಲೀಟರ್ ಆಗುತ್ತದೆ. 800 ಚದರ ಅಡಿ ಹುಲ್ಲು ಹಾಕಿದರೆ ವಾರಕ್ಕೆ ಸಾವಿರ ಲೀಟರಿನ ಎರಡು ಟ್ಯಾಂಕ್. ಬಾವಿ ತಳ ಕಾಣುವ ಹೊತ್ತಲ್ಲಿ ಇಷ್ಟು ನೀರು ಹುಲ್ಲಿಗೆ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ನಮ್ಮಲ್ಲಿ ಹುಲ್ಲು ಈಗ 150 ಚದರ ಅಡಿ ಮಾತ್ರ. ಕೂರಲು ಅಷ್ಟು ಸಾಕು.

ಹುಲ್ಲು ಹಾಕುವ ಕೆಲಸದಲ್ಲಿ ಮುಕ್ಕಾಲು ಪಾಲು ಇರುವುದು ನೆಲ ತಯಾರಿಯಲ್ಲಿ. ಅರ್ಧ ಅಡಿ ಅಗೆದು ಜೇಕಿನ ಗಡ್ಡೆಗಳನ್ನು ಕೈಯಾರೆ ಆರಿಸಿ ತೆಗೆಯಿರಿ. ಒಂದು ಗಡ್ಡೆ ಉಳಿದರೂ ಆರು ತಿಂಗಳಲ್ಲಿ ಹುಲ್ಲಿನ ನಡುವೆ ಜೇಕು ತಲೆ ಎತ್ತುತ್ತದೆ, ಆಗ ಕಿತ್ತರೆ ಮೇಲಿನ ದಂಟು ಮಾತ್ರ ಕೈಗೆ ಬರುತ್ತದೆ. ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ, ನೀರು ಮನೆಯಿಂದ ಆಚೆ ಹರಿಯುವಂತೆ ಸ್ವಲ್ಪ ಇಳಿಜಾರು ಕೊಟ್ಟು ಮಟ್ಟ ಮಾಡಿ. ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಬೇಗ ಆಗುತ್ತದೆ. ಖರ್ಚು ಉಳಿಸಬೇಕಾದರೆ ಎರಡಿಂಚಿನ ಚೂರು ಮಾಡಿ ನಾಲ್ಕೈದು ಇಂಚಿಗೆ ಒಂದರಂತೆ ಊರಿ. ಮಳೆಗಾಲಕ್ಕೆ ಎರಡು ತಿಂಗಳು ಮೊದಲೇ ಮುಗಿಸಿ, ಇಲ್ಲದಿದ್ದರೆ ನಮ್ಮ ಇಳಿಜಾರಿನ ಗತಿಯೇ ನಿಮ್ಮ ಹುಲ್ಲಿಗೂ.

ಕತ್ತರಿಸುವಾಗ ಒಂದೇ ಸಲ ಬೋಳಿಸಬೇಡಿ. ಎತ್ತರದ ಮೂರನೇ ಒಂದು ಭಾಗ ಮಾತ್ರ ತೆಗೆಯಿರಿ. ಮಲೆನಾಡಲ್ಲಿ ನಿಜವಾದ ಕಷ್ಟ ಏನೆಂದರೆ, ಹುಲ್ಲು ಜೋರಾಗಿ ಬೆಳೆಯುವ ಜುಲೈ, ಆಗಸ್ಟಿನಲ್ಲೇ ಒದ್ದೆ ನೆಲದ ಮೇಲೆ ಮಿಷನ್ ಓಡುವುದಿಲ್ಲ, ಬಿಡುವು ಸಿಕ್ಕ ದಿನ ಕತ್ತರಿಯಲ್ಲಾದರೂ ಕತ್ತರಿಸದಿದ್ದರೆ ಮೆಕ್ಸಿಕನ್ ಹುಲ್ಲು ಗುಪ್ಪೆ ಗುಪ್ಪೆಯಾಗಿ ಏಳುತ್ತದೆ, ಅದರೊಳಗೆ ಕೊಳೆ ಶುರುವಾಗುತ್ತದೆ. ಗೊಬ್ಬರಕ್ಕೆ 100 ಚದರ ಅಡಿಗೆ ಸುಮಾರು 90 ಗ್ರಾಂ ಯೂರಿಯಾ ಸಾಕು. ಹುಲ್ಲು ಒಣಗಿದ್ದಾಗ ಎರಚಿ ಕೂಡಲೇ ನೀರು ಬಿಡಿ.

ಇನ್ನೊಂದು, ಗೊಣ್ಣೆ ಹುಳು. ಮೊದಲ ಮಳೆಗೆ ದೀಪದ ಸುತ್ತ ಬರುವ ಕಂದು ದುಂಬಿಗಳ ಮರಿ ಇವು. ಹುಲ್ಲು ಅಲ್ಲಲ್ಲಿ ಹಳದಿಯಾದರೆ ನೀರು ಕಮ್ಮಿ ಆಯ್ತು ಅಂದುಕೊಂಡು ಸುಮ್ನೆ ನೀರು ಬಿಡಬೇಡಿ. ಒಂದು ಹಿಡಿ ಹಿಡಿದು ಎಳೆದು ನೋಡಿ. ಚಾಪೆ ಸುತ್ತಿದ ಹಾಗೆ ಹುಲ್ಲು ಮೇಲೆದ್ದು ಬಂತು ಅಂದರೆ ಕೆಳಗೆ ಬೇರೇ ಇಲ್ಲ, ಕಂದು ತಲೆಯ ಬಿಳಿ ಹುಳುಗಳು ಬಾಗಿಕೊಂಡು ಮಲಗಿರುತ್ತವೆ. ಆರಿಸಿ ಕೋಳಿಗೆ ಹಾಕಿ, ಜಾಗಕ್ಕೆ ಬೇವಿನ ಹಿಂಡಿ ಸೇರಿಸಿ. ಜಾಸ್ತಿ ಇದ್ದರೆ ಮೆಟರೈಜಿಯಂ ಅನ್ನುವ ಶಿಲೀಂಧ್ರದ ಪುಡಿಯನ್ನು ಗೊಬ್ಬರದಲ್ಲಿ ಬೆರೆಸಿ ಹಾಕುವುದು ಒಳ್ಳೆಯದು.

ಪಿಂಟೋಗೆ ಇಷ್ಟೆಲ್ಲ ಇಲ್ಲ, ಆದರೆ ಮೊದಲ ನಾಲ್ಕು ತಿಂಗಳು ತಾಳ್ಮೆ ಬೇಕು. ಜೂನ್‌ನಲ್ಲಿ ಮಣ್ಣು ಚೆನ್ನಾಗಿ ನೆನೆದ ಮೇಲೆ ಗೇಣುದ್ದದ ಬಳ್ಳಿ ತುಂಡು ಮಾಡಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ಓರೆಯಾಗಿ ಊರಿ. ಗೇಣಿಗೊಂದರಂತೆ 10 ಅಡಿ ಉದ್ದ, 10 ಅಡಿ ಅಗಲದ ಜಾಗಕ್ಕೆ ಸುಮಾರು 180 ತುಂಡು ಬೇಕು. ಎಲ್ಲ ಕೊಳ್ಳಬೇಕಾಗಿಲ್ಲ. ಪರಿಚಯದವರ ತೋಟದಲ್ಲಿದ್ದರೆ ಒಂದು ಚೀಲ ಬಳ್ಳಿ ಕೇಳಿ, ಇಲ್ಲವೇ ಹತ್ತು ಪ್ಯಾಕೆಟ್ ತಂದು ಮುಂದಿನ ವರ್ಷ ಅದರಿಂದಲೇ ಮಾಡಿಕೊಳ್ಳಿ. ಇಳಿಜಾರಲ್ಲಿ ಸಾಲನ್ನು ಮೇಲಿಂದ ಕೆಳಕ್ಕೆ ಮಾಡಬೇಡಿ, ಅಡ್ಡಕ್ಕೆ ಮಾಡಿ.

ನೆಟ್ಟ ಮೇಲೆ ಒಂದೆರಡು ತಿಂಗಳು ಮೇಲೆ ಏನೂ ಕಾಣುವುದಿಲ್ಲ, ಗಿಡ ಬೇರು ಬಿಡುತ್ತಿರುತ್ತದೆ. ಆ ಹೊತ್ತಲ್ಲಿ ಕಳೆ ಮುಂದೆ ಹೋಗುತ್ತದೆ. ಎರಡು ಮೂರು ಸಲ ಕೈಯಲ್ಲೇ ಕೀಳಬೇಕು, ಮುಟ್ಟಿದರೆ ಮುನಿ ಇದ್ದರೆ ಬೇರು ಸಮೇತ. ಆಮೇಲೆ ಬಳ್ಳಿಗೆ ಬಳ್ಳಿ ಸೇರಿದರೆ ಕಳೆಗೆ ಜಾಗವೇ ಸಿಗುವುದಿಲ್ಲ. ಯೂರಿಯಾ ಬೇಡ. ಒಂದು ಗಿಡ ಮೆಲ್ಲಗೆ ಕಿತ್ತು ಬೇರು ತೊಳೆದು ನೋಡಿ, ರಾಗಿ ಕಾಳಿನಂಥ ಗಂಟುಗಳಿರುತ್ತವೆ. ಉಗುರಲ್ಲಿ ಒಂದನ್ನು ಸೀಳಿ. ಒಳಗೆ ನಸುಗೆಂಪು ಬಣ್ಣ ಇದ್ದರೆ ಅದು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ ಅಂತ. ನಮ್ಮ ಹುಳಿ ಮಣ್ಣಿಗೂ ಇದು ಹೊಂದಿಕೊಳ್ಳುತ್ತದೆ. ಸಂಜೆ ಹೋಗಿ ನೋಡಿದರೆ ಒಂದೊಂದು ತೊಟ್ಟಿನ ನಾಲ್ಕು ಎಲೆಗಳೂ ಜೋಡಿ ಜೋಡಿಯಾಗಿ ಮಡಚಿಕೊಂಡಿರುತ್ತವೆ, ಬಾಡಿದೆ ಅಂತ ಗಾಬರಿ ಬೇಡ, ಬೆಳಿಗ್ಗೆ ಬಿಚ್ಚುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹಳದಿ ಹೂವಿನ ಬಳ್ಳಿ ಅಂತ ಕೇಳಿದರೆ ಕೆಲವು ಕಡೆ ವೆಡೇಲಿಯಾ ಕೊಡುತ್ತಾರೆ. ಅದರ ಹೂವು ಪುಟ್ಟ ಸೂರ್ಯಕಾಂತಿಯ ಹಾಗೆ, ಎಲೆ ಒರಟು. ಪಿಂಟೋದ ಹೂವು ನೆಲಗಡಲೆ ಹೂವಿನ ಹಾಗೇ ಇರುತ್ತದೆ. ವೆಡೇಲಿಯಾ ಜಗತ್ತಿನ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಹಳ್ಳದ ದಂಡೆಗೆ ಒಮ್ಮೆ ಇಳಿದರೆ ಉಳಿದ ಗಿಡಗಳನ್ನೆಲ್ಲ ಮುಚ್ಚಿಬಿಡುತ್ತದೆ. ದಯವಿಟ್ಟು ತರಬೇಡಿ.

ಪಿಂಟೋದಲ್ಲೂ ತೊಂದರೆ ಇಲ್ಲವೆಂದಲ್ಲ. ದಟ್ಟವಾಗಿ ಹಬ್ಬಿದ ಕಡೆ ತಂಪಿರುತ್ತದೆ, ಮಳೆಗಾಲದಲ್ಲಿ ಇಂಬಳ ಸೇರುತ್ತವೆ, ಹಾವು ಮಲಗಿದ್ದರೂ ಕಾಣುವುದಿಲ್ಲ. ಬಾಗಿಲಿನಿಂದ, ಮಕ್ಕಳು ಓಡಾಡುವ ದಾರಿಯಿಂದ ಮೂರು ಅಡಿ ದೂರ ಬಿಡಿ, ಅಂಚನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಗುದ್ದಲಿಯಲ್ಲಿ ಕಡಿಯಿರಿ. ಗೇಟು ತೆರೆದಿದ್ದರೆ ದನ ನುಗ್ಗುತ್ತದೆ, ಅದಕ್ಕೆ ಇದು ಒಳ್ಳೆ ಮೇವು. ಮತ್ತೆ, ಇದು ಹಿಡಿಯುವುದು ಮೇಲ್ಮಣ್ಣನ್ನು ಮಾತ್ರ. ಆಳೆತ್ತರದ ಧರೆ ಕುಸಿಯುವ ಭಯ ಇದ್ದರೆ ಅದಕ್ಕೆ ಕಟ್ಟೆ, ಚರಂಡಿಯ ಕೆಲಸವೇ ಆಗಬೇಕು.

ಅರಸೀಕೆರೆ, ಕಡೂರು ಕಡೆಯವರಿಗೆ ಇವೆರಡಕ್ಕಿಂತ ನಮ್ಮ ಗರಿಕೆಯೇ ವಾಸಿ. ಒಣಗಿದರೂ ಬೇರು ಸಾಯುವುದಿಲ್ಲ.

ಮಲೆನಾಡಲ್ಲೂ ಮಾರ್ಚ್ ಹೊತ್ತಿಗೆ ಪಿಂಟೋ ಎಲೆ ಉದುರಿಸಿ ಕಂದುಬಣ್ಣಕ್ಕೆ ತಿರುಗುತ್ತದೆ, ಸತ್ತ ಹಾಗೇ ಕಾಣುತ್ತದೆ. ನಮ್ಮ ಅತ್ತೆ ಮೊದಲ ವರ್ಷ ಅದನ್ನು ಕಿತ್ತು ಗುಡ್ಡೆ ಹಾಕಲು ಹೊರಟಿದ್ದರು. ಕೀಳಬೇಡಿ. ಒಂದು ಗೆಣ್ಣು ಮುರಿದು ನೋಡಿ, ಒಳಗೆ ಹಸಿ ಇದ್ದರೆ ಹಾಗೇ ಬಿಡಿ. ಕಾಫಿಗೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದು ಹತ್ತು ಹದಿನೈದು ದಿನಕ್ಕೆ ಗೆಣ್ಣು ಗೆಣ್ಣಿನಲ್ಲೂ ಚಿಗುರು ಬರುತ್ತದೆ.