ಅಂತರ್ಜಾಲದ ವೈನ್ ಬರಹ ಪ್ರಶಸ್ತಿಗೆ ಸಿದ್ಧವಾಗುವುದು ಹೇಗೆ?

ವೈನ್ ಕುರಿತ ಪುಸ್ತಕಗಳಿಗೆ ಪ್ರಶಸ್ತಿ ಕೊಡುವ ರೂಢಿ ಹಳೆಯದು. ಬ್ರಿಟನ್ನಿನ ಆಂದ್ರೆ ಸೈಮನ್ ಪ್ರಶಸ್ತಿ 1978ರಿಂದಲೇ ಇದೆ. ಕಾಗದ ಕಾಣದೆ ಅಂತರ್ಜಾಲದಲ್ಲೇ ಹುಟ್ಟಿದ ಬರಹಕ್ಕೆ ಅಂಥ ಮನ್ನಣೆ ತಡವಾಗಿ ದೊರೆಯಿತು. ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿಯೇ ಅಂತರ್ಜಾಲದಲ್ಲಿ ಮಾತ್ರ ಪ್ರಕಟವಾಗುವ ಸುದ್ದಿಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2009ರ ಸಾಲಿನಿಂದ. ಅದಾಗಿ ಸ್ವಲ್ಪ ಕಾಲದಲ್ಲೇ, 2011ರಲ್ಲಿ, ಬಾರ್ನ್ ಡಿಜಿಟಲ್ ವೈನ್ ಅವಾರ್ಡ್ಸ್ ಎಂಬ ಸ್ಪರ್ಧೆ ನಡೆಯಿತು. ಬರಹ ಮೊದಲು ಅಂತರ್ಜಾಲದಲ್ಲೇ ಪ್ರಕಟವಾಗಿರಬೇಕು ಎಂಬ ಅದರ ನಿಯಮವೇ ಅದರ ಹೆಸರೂ ಆಗಿತ್ತು. ಶಾಂಪೇನ್ ತಯಾರಕರಾದ ಲೂಯಿ ರೋಡರರ್ ಹೆಸರಿನ ಅಂತರರಾಷ್ಟ್ರೀಯ ಪ್ರಶಸ್ತಿಯೂ ಆನ್‌ಲೈನ್ ಬರಹಗಾರರಿಗೆ ಪ್ರತ್ಯೇಕ ವಿಭಾಗ ಕೊಟ್ಟಿತು. ಇಂಥ ಸ್ಪರ್ಧೆಗೆ ಮೊದಲ ಬಾರಿ ಬರಹ ಕಳುಹಿಸುವವರು ಏನೇನು ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೊದಲ ಕೆಲಸ ನಿಯಮಾವಳಿಯನ್ನು ಪೂರ್ತಿ ಓದುವುದು. ಯಾವ ದಿನಾಂಕಗಳ ನಡುವೆ ಪ್ರಕಟವಾದ ಬರಹ ಸಲ್ಲುತ್ತದೆ, ಪದಮಿತಿ ಎಷ್ಟು, ಇಂಗ್ಲಿಷ್ ಅಲ್ಲದ ಬರಹಕ್ಕೆ ಅನುವಾದ ಜೊತೆಗಿಡಬೇಕೆ, ಪ್ರವೇಶ ಶುಲ್ಕ ಇದೆಯೇ, ಕೊನೆಯ ದಿನದ ಗಡುವು ಯಾವ ದೇಶದ ಗಡಿಯಾರದ ಪ್ರಕಾರ ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳಿ. ಹಣ ಕೊಡುವವರು ಯಾರು, ತೀರ್ಪು ನೀಡುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಮರೆಯಲೇಬಾರದು. ವೈನ್ ತಯಾರಕರೇ ಪ್ರಾಯೋಜಕರಾಗಿದ್ದ ಮಾತ್ರಕ್ಕೆ ಪ್ರಶಸ್ತಿಯ ತೂಕ ಕಡಿಮೆಯಾಗುವುದಿಲ್ಲ. ಆದರೆ ತೀರ್ಪುಗಾರರ ಹೆಸರನ್ನೇ ಪ್ರಕಟಿಸದ ಸ್ಪರ್ಧೆಗೆ ಶುಲ್ಕ ಕಟ್ಟುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಬರಹದ ಆಯ್ಕೆ. ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. ಅತಿ ಹೆಚ್ಚು ಓದುಗರನ್ನು ಸೆಳೆದ ಬರಹವನ್ನೇ ಕಳುಹಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ, ಪರಿಮಳ ವರ್ಣಿಸಿ, ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟ ಬರಹ ಕೊಳ್ಳುವವರಿಗೆ ಉಪಯುಕ್ತವೇ. ಆದರೆ ಅಂಥದ್ದನ್ನು ಇನ್ನೂ ನೂರು ಮಂದಿ ಬರೆದಿರುತ್ತಾರೆ. ನೀವು ಖುದ್ದಾಗಿ ಹೋಗದಿದ್ದರೆ, ಕೇಳದಿದ್ದರೆ, ಲೆಕ್ಕ ಹಾಕದಿದ್ದರೆ ಹುಟ್ಟುತ್ತಲೇ ಇರಲಿಲ್ಲ ಎನ್ನುವಂಥ ಬರಹವನ್ನು ಹುಡುಕಿ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸ್ ಮತ್ತು ಕ್ಯಾಲಿಫೋರ್ನಿಯಾದ ವೈನ್‌ಗಳನ್ನು ಲೇಬಲ್ ಮುಚ್ಚಿಟ್ಟು ಸವಿಯುವ ಸ್ಪರ್ಧೆ ನಡೆದಾಗ ಅಲ್ಲಿದ್ದ ಒಬ್ಬನೇ ವರದಿಗಾರ ಟೈಮ್ ಪತ್ರಿಕೆಯ ಜಾರ್ಜ್ ಟೇಬರ್. ಯಾವ ಲೋಟದಲ್ಲಿ ಯಾವ ವೈನ್ ಎಂಬ ಪಟ್ಟಿ ಅವರ ಕೈಯಲ್ಲಿತ್ತು, ತೀರ್ಪುಗಾರರ ಬಳಿ ಇರಲಿಲ್ಲ. ಅವರಲ್ಲೊಬ್ಬರು ಕ್ಯಾಲಿಫೋರ್ನಿಯಾದ ಬಿಳಿ ವೈನ್ ಗುಟುಕರಿಸಿ, ಮತ್ತೆ ಫ್ರಾನ್ಸಿಗೆ ಬಂದೆವು ಎಂದು ಸಂತೋಷಪಟ್ಟದ್ದನ್ನು ಟೇಬರ್ ಬರೆದುಕೊಂಡರು. ಕೊನೆಗೆ ಗೆದ್ದದ್ದು ಕ್ಯಾಲಿಫೋರ್ನಿಯಾದ ವೈನ್‌ಗಳು. ಕೆಲವೇ ಪ್ಯಾರಾಗಳ ಆ ವರದಿ ಜಗತ್ತಿನ ವೈನ್ ಮಾರುಕಟ್ಟೆಯ ನಂಬಿಕೆಗಳನ್ನೇ ಅಲುಗಾಡಿಸಿತು. ನಿಮ್ಮ ಬರಹಗಳಲ್ಲಿ ಇಂಥ ಒಂದು ಕಣ್ಣೆದುರಿನ ಕ್ಷಣ ಯಾವುದರಲ್ಲಿದೆಯೋ ಅದನ್ನೇ ಆರಿಸಿಕೊಳ್ಳಿ.

ಮೂರನೆಯದಾಗಿ, ಆರಿಸಿದ ಬರಹದ ಪ್ರತಿಯೊಂದು ಇಸವಿ, ಅಳತೆ, ಹೆಸರನ್ನು ಮತ್ತೊಮ್ಮೆ ಪರಿಶೀಲಿಸಿ. ಹೆಕ್ಟೇರಿಗೆ 50 ಹೆಕ್ಟೊಲೀಟರ್ ಇಳುವರಿ ಎಂದು ಬರೆದಿದ್ದರೆ ಅದು 5,000 ಲೀಟರ್, ಅಂದರೆ 750 ಮಿಲಿಲೀಟರಿನ ಸುಮಾರು 6,660 ಬಾಟಲಿ; ಎರಡು ಹೆಕ್ಟೇರಿನ ತೋಟದಿಂದ ವರ್ಷಕ್ಕೆ 50,000 ಬಾಟಲಿ ಬರುತ್ತದೆ ಎಂದು ಅದೇ ಬರಹದ ಕೆಳಗೆ ಬಂದರೆ ತೀರ್ಪುಗಾರರು ಅಲ್ಲಿಗೇ ಓದು ನಿಲ್ಲಿಸುತ್ತಾರೆ. ಇಸವಿಯ ಪರಿಶೀಲನೆ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ 2008ರ ನ್ಯೂಯಾರ್ಕ್ ಹರಾಜು ಸಾಕ್ಷಿ. ಅಲ್ಲಿ ಫ್ರಾನ್ಸಿನ ವೈನ್ ತಯಾರಕ ಮನೆತನ ಡೊಮೇನ್ ಪೊನ್ಸೊ ಹೆಸರಿನ, ಕ್ಲೋ ಸೇಂಟ್ ಡೆನಿ ಎಂಬ ವೈನಿನ ಬಾಟಲಿಗಳು ಮಾರಾಟಕ್ಕಿದ್ದವು, ಕೆಲವದರ ಮೇಲೆ 1945ರ ಇಸವಿ ಇತ್ತು. ಆ ಮನೆತನ ಆ ವೈನ್ ತಯಾರಿಸಲು ತೊಡಗಿದ್ದೇ 1982ರಲ್ಲಿ. ಮಾಲೀಕ ಲೋರಾಂ ಪೊನ್ಸೊ ಸ್ವತಃ ಬಂದು ಮಾರಾಟ ನಿಲ್ಲಿಸಿದರು. ಆ ಬಾಟಲಿಗಳನ್ನು ಹರಾಜಿಗೆ ತಂದ ರೂಡಿ ಕುರ್ನಿಯವಾನ್‌ಗೆ ನಕಲಿ ವೈನ್ ಮಾರಿದ ವಂಚನೆಗಾಗಿ 2014ರಲ್ಲಿ ಹತ್ತು ವರ್ಷ ಸೆರೆವಾಸ ವಿಧಿಸಲಾಯಿತು. ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಈ ಅಭ್ಯಾಸವೇ ವೈನ್ ಪತ್ರಿಕೋದ್ಯಮದ ಬೆನ್ನೆಲುಬು. ಪರಿಶೀಲನೆಯಲ್ಲಿ ತಪ್ಪು ಸಿಕ್ಕರೆ ಸದ್ದಿಲ್ಲದೆ ಅಳಿಸಬೇಡಿ. ಏನನ್ನು ಯಾವಾಗ ತಿದ್ದಿದಿರಿ ಎಂಬ ಸಾಲೊಂದನ್ನು ಬರಹದ ಕೆಳಗೆ ಸೇರಿಸಿ.

ನಾಲ್ಕನೆಯದು ಋಣ ಪ್ರಕಟಣೆ. ವೈನರಿಯವರು ಕಳುಹಿಸಿದ ಬಾಟಲಿಯ ರುಚಿ ನೋಡಿದ್ದರೆ, ಅವರ ಖರ್ಚಿನಲ್ಲಿ ಪ್ರವಾಸ ಮಾಡಿದ್ದರೆ, ಅದು ಬರಹದಲ್ಲೇ ಎದ್ದು ಕಾಣುವಂತೆ ಇರಬೇಕು. ಅಮೆರಿಕದಲ್ಲಿ 2009ರ ಡಿಸೆಂಬರ್ 1ರಿಂದ ಜಾರಿಗೆ ಬಂದ, ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನ ಪರಿಷ್ಕೃತ ಮಾರ್ಗಸೂಚಿ, ಉಚಿತವಾಗಿ ಪಡೆದ ವಸ್ತುವನ್ನು ಹೊಗಳಿ ಅಂತರ್ಜಾಲದಲ್ಲಿ ಬರೆಯುವವರು ಆ ಸಂಬಂಧವನ್ನು ಹೇಳಬೇಕೆಂದು ಸ್ಪಷ್ಟಪಡಿಸಿತು. ಕಾನೂನು ಹೇಳದಿದ್ದರೂ ಓದುಗರಿಗೆ ಅದನ್ನು ತಿಳಿಯುವ ಹಕ್ಕಿದೆ.

ಉಳಿದದ್ದು ಸಿದ್ಧತೆಯ ಕೆಲಸ. ಬರಹದ ಕೊಂಡಿ ತೆರೆಯುತ್ತದೆಯೇ ಎಂದು ನಿಮ್ಮದಲ್ಲದ ಫೋನಿನಲ್ಲಿ ನೋಡಿ. ಚಂದಾದಾರರಿಗೆ ಮಾತ್ರ ತೆರೆಯುವ ಪುಟವಾದರೆ ತೀರ್ಪುಗಾರರಿಗಾಗಿ ಪ್ರವೇಶದ ವ್ಯವಸ್ಥೆ ಮಾಡಿ ಅಥವಾ ಪಿಡಿಎಫ್ ಪ್ರತಿ ಜೊತೆಗಿಡಿ. ಪ್ರಕಟವಾದ ದಿನವೇ, ಜಾಲಪುಟಗಳ ಪ್ರತಿಗಳನ್ನು ದಿನಾಂಕ ಸಮೇತ ಕಾಪಿಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಒಂದು ಪ್ರತಿ ಉಳಿಸಿಟ್ಟಿದ್ದರೆ ದಿನಾಂಕದ ಬಗ್ಗೆ ಪ್ರಶ್ನೆ ಏಳುವುದಿಲ್ಲ. ಬೇರೆಯವರ ಜಾಲತಾಣಕ್ಕೆ ಬರೆದದ್ದಾದರೆ ಸಂಪಾದಕರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ಚಿತ್ರಗಳ ಹಕ್ಕು ಯಾರದ್ದೆಂದು ಅದೇ ಪತ್ರದಲ್ಲಿ ಕೇಳಿಬಿಡಿ.

ಕೊನೆಗೆ, ಜೊತೆಗಿಡುವ ಟಿಪ್ಪಣಿಯಲ್ಲಿ ಬರಹವನ್ನು ನೀವೇ ಹೊಗಳಬೇಡಿ. ಎಷ್ಟು ಮಂದಿಯನ್ನು ಮಾತನಾಡಿಸಿದಿರಿ, ಯಾವ ದಾಖಲೆ ನೋಡಿದಿರಿ, ಪ್ರಕಟವಾದ ಮೇಲೆ ಏನಾದರೂ ಬದಲಾಯಿತೇ ಎಂಬುದನ್ನು ನಾಲ್ಕೈದು ವಾಕ್ಯಗಳಲ್ಲಿ ತಿಳಿಸಿ. ಗಡುವಿಗೆ ಎರಡು ದಿನ ಮೊದಲೇ ಕಳುಹಿಸಿ, ತಲುಪಿದೆ ಎಂಬ ಉತ್ತರ ಬರುವವರೆಗೆ ಆ ಪುಟದ ವಿಳಾಸವನ್ನು ಬದಲಾಯಿಸದಿರಿ.